ಗದ್ದೆಯ ಒಡೆಯನಾರು, ನೀರಿನ ಒಡೆಯನಾರು?

ಮಣ್ಣಿನ ಮೇಲಿನ ಆಸೆ ಮನುಷ್ಯನಿಗೆ ಹೊಸದಲ್ಲ. ಮೊದಲು ಊರ ಮುಂದಿನ ಹೊಲದ ಮೇಲೆ ಆಸೆ. ಅನಂತರ ಪಟ್ಟಣದಲ್ಲೊಂದು ನಿವೇಶನದ ಆಸೆ. ಈಗ ಆ ಆಸೆ ಕಡಲನ್ನೂ ದಾಟಿದೆ. ಈಚೆಗೆ ನಮ್ಮಲ್ಲಿಗೆ ಬರುವ ಕುಟುಂಬಗಳಲ್ಲಿ ಕೆಲವರು ಒಂದು ಪ್ರಶ್ನೆಯನ್ನು ಕೇಳತೊಡಗಿದ್ದಾರೆ. ಮಗನೋ ಅಳಿಯನೋ ಬೆಂಗಳೂರಿನಲ್ಲಿ ಒಳ್ಳೆಯ ಸಂಬಳದ ಕೆಲಸದಲ್ಲಿದ್ದಾನೆ. ಮದುವೆಯಾದ ಮೇಲೆ ಹೆಂಡತಿಯೊಡನೆ ಬಾಲಿ ದ್ವೀಪಕ್ಕೆ ಹೋಗಿ ಬಂದಿದ್ದಾನೆ. ಅಲ್ಲಿಯ ಹಳ್ಳಿಯೊಂದರ ಹಸಿರು ಗದ್ದೆಯ ನಡುವೆ ಒಂದು ಮನೆ ಮಾಡಿಟ್ಟರೆ ಬಾಡಿಗೆಯೂ ಬರುತ್ತದೆ, ವರ್ಷಕ್ಕೊಮ್ಮೆ ಹೋಗಿಯೂ ಬರಬಹುದು ಎನ್ನುತ್ತಾನೆ. ಇದು ಸರಿಯೇ ಎಂಬುದು ಆ ಪ್ರಶ್ನೆ.

ಹೌದು ಅಥವಾ ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಬಹುದು. ಆದರೆ ಅಂಥ ಉತ್ತರದಿಂದ ತಿಳಿವು ಬೆಳೆಯುವುದಿಲ್ಲ. ಆ ಹಳ್ಳಿ ಎಂಥದು, ಅಲ್ಲಿ ಜಮೀನು ಎಂದರೆ ಏನು, ಅದರ ಮೇಲೆ ಯಾರ ಯಾರ ಹಕ್ಕು ಇದೆ ಎಂಬುದನ್ನು ಅರಿತರೆ ಉತ್ತರ ತಾನಾಗಿಯೇ ತಿಳಿಯುತ್ತದೆ. ಆದ್ದರಿಂದ ಈ ತಿಂಗಳು ಬಾಲಿಯ ಹಳ್ಳಿಯ ವಿಚಾರವನ್ನೇ ಎತ್ತಿಕೊಂಡಿದ್ದೇವೆ.

ಹಳ್ಳಿಗೆ ಅವರ ಹೆಸರು ‘ದೇಸ’

ಇಂಡೋನೇಷ್ಯ ಸಾವಿರಾರು ದ್ವೀಪಗಳ ನಾಡು. ಜನರಲ್ಲಿ ಬಹುಪಾಲು ಮುಸಲ್ಮಾನರು. ಬಾಲಿ ದ್ವೀಪದಲ್ಲಿ ಮಾತ್ರ ನೂರಕ್ಕೆ ಎಂಬತ್ತೈದಕ್ಕಿಂತ ಹೆಚ್ಚು ಮಂದಿ ಹಿಂದೂಗಳು. ವಿಸ್ತಾರದಲ್ಲಿ ಅದು ನಮ್ಮ ಒಂದು ಜಿಲ್ಲೆಯಷ್ಟು. 2020ರ ಜನಗಣತಿಯಲ್ಲಿ ಜನಸಂಖ್ಯೆ ಸುಮಾರು 43 ಲಕ್ಷ. ಸಂಸ್ಕೃತದ ‘ದೇಶ’ ಶಬ್ದ ಅಲ್ಲಿ ‘ದೇಸ’ವಾಗಿ ಹಳ್ಳಿ ಎಂಬ ಅರ್ಥವನ್ನು ಪಡೆದಿದೆ. ಹಳ್ಳಿಯವನಿಗೆ ಅವನ ಹಳ್ಳಿಯೇ ದೇಶ ಎಂಬ ಭಾವ ಆ ಒಂದು ಶಬ್ದದಲ್ಲೇ ಅಡಗಿದಂತಿದೆ.

ಬಾಲಿಯ ಹಳ್ಳಿಗೆ ಎರಡು ಆಡಳಿತಗಳುಂಟು. ಒಂದು ಸರ್ಕಾರದ್ದು, ಜನನ ಮರಣಗಳ ದಾಖಲೆ, ರಸ್ತೆ, ಅನುದಾನಗಳನ್ನು ಅದು ನೋಡಿಕೊಳ್ಳುತ್ತದೆ. ಇನ್ನೊಂದು ‘ದೇಸ ಅದತ್’, ಎಂದರೆ ಸಂಪ್ರದಾಯದ ಹಳ್ಳಿ. ದ್ವೀಪದಲ್ಲಿ ಇಂಥವು ಸುಮಾರು 1,500 ಇವೆ. ‘ಆವಿಗ್-ಆವಿಗ್’ ಎಂಬ ಹೆಸರಿನ ಕಟ್ಟಳೆಗಳು ಪ್ರತಿಯೊಂದಕ್ಕೂ ಬೇರೆ ಬೇರೆ. 2019ರಲ್ಲಿ ಪ್ರಾಂತದ ಸರ್ಕಾರ ಇವುಗಳಿಗೆಂದೇ ಕಾನೂನನ್ನು ರಚಿಸಿ ಮಾನ್ಯತೆಯನ್ನು ಬಲಪಡಿಸಿತು.

ಒಂದು ಮನೆ ಎಂದರೆ ಅಲ್ಲಿ ಒಂದು ಕಟ್ಟಡವಲ್ಲ. ಗೋಡೆ ಸುತ್ತಿದ ಒಂದು ಆವರಣ. ಅದರೊಳಗೆ ಅಣ್ಣತಮ್ಮಂದಿರ ಬೇರೆ ಬೇರೆ ಕೋಣೆಗಳು, ಅಡುಗೆಮನೆ, ಕಣಜ, ಮೂಲೆಯಲ್ಲಿ ಮನೆತನದ ಗುಡಿ. ದಿಕ್ಕುಗಳನ್ನು ಅವರು ಬೆಟ್ಟದ ಕಡೆ, ಕಡಲ ಕಡೆ ಎಂದು ಎಣಿಸುತ್ತಾರೆ. ಬೆಟ್ಟದ ಕಡೆ ಪವಿತ್ರ. ದೇವರಿಗೆ ಆ ಮೂಲೆ. ಮಕ್ಕಳಿಗೆ ಹುಟ್ಟಿದ ಸರದಿಯಂತೆ ಹೆಸರು: ಮೊದಲನೆಯದು ವಯಾನ್, ಎರಡನೆಯದು ಮದೆ, ಮೂರನೆಯದು ಞೋಮನ್, ನಾಲ್ಕನೆಯದು ಕೆತುತ್. ಗಂಡಾಗಲಿ ಹೆಣ್ಣಾಗಲಿ ಇದೇ ಕ್ರಮ. ಊರಿಗೆ ಮೂರು ಗುಡಿಗಳು ಇರಲೇಬೇಕು. ನಮ್ಮವರು ಅಲ್ಲಿಯ ಎತ್ತರದ ಪದ್ಮಾಸನ ಪೀಠವನ್ನು ಕಂಡು ಮೂರ್ತಿ ಎಲ್ಲಿ ಎಂದು ಹುಡುಕುತ್ತಾರಂತೆ. ಆ ಪೀಠ ಬರಿದು. ಪರಮಾತ್ಮನಿಗೆ ಆಕಾರವನ್ನು ಕೊಡದೆ ಆಸನವನ್ನು ಮಾತ್ರ ಕೊಟ್ಟಿದ್ದಾರೆ.

ಕೆಲವು ಹತ್ತು ಮನೆಗಳಿಂದ ನೂರಿನ್ನೂರು ಮನೆಗಳವರೆಗೆ ಸೇರಿದ ಕೇರಿಗೆ ‘ಬಂಜಾರ್’ ಎನ್ನುತ್ತಾರೆ. ಮದುವೆಯಾದೊಡನೆ ಗಂಡಹೆಂಡಿರಿಬ್ಬರೂ ಅದರ ಸದಸ್ಯರಾಗುತ್ತಾರೆ. ಟೊಳ್ಳು ಮರದ ‘ಕುಲ್ಕುಲ್’ ಬಡಿದ ಸದ್ದು ಕೇಳಿದರೆ ಕೆಲಸ ಬಿಟ್ಟು ಬರಬೇಕು. ಗುಡಿಯ ಜಾತ್ರೆ, ಯಾರದೋ ಮನೆಯ ಸಾವು, ಮುರಿದ ಕಾಲುವೆ, ಎಲ್ಲಕ್ಕೂ ಮನೆಗೊಬ್ಬರ ದುಡಿಮೆ ಸಲ್ಲಬೇಕು. ಈ ಸೇವೆಗೆ ‘ಙಾಯಃ’ ಎಂದು ಹೆಸರು, ಕೂಲಿ ಇಲ್ಲ. ಶವಸಂಸ್ಕಾರದ ವೆಚ್ಚವನ್ನು ಒಂದು ಮನೆ ಹೊರಲಾರದಾಗ ಹಲವು ಮನೆಯವರು ಕೂಡಿ ಒಂದೇ ದಿನ ಸಾಮೂಹಿಕವಾಗಿ ನಡೆಸುವ ಪದ್ಧತಿಯೂ ಇದೆ. ಬಡವನ ಮಾನವನ್ನು ಊರು ಕಾಯುವ ಬಗೆ ಇದು.

ಮನೆಯ ನೆಲಕ್ಕೂ ಈ ಸೇವೆಗೂ ನೇರ ನಂಟು. ಅನೇಕ ಹಳ್ಳಿಗಳಲ್ಲಿ ಮನೆ ನಿಂತ ಜಾಗ ಮನೆಯವನದಲ್ಲ, ಹಳ್ಳಿಯದು. ಊರ ಸೇವೆಯನ್ನು ಸಲ್ಲಿಸುವವರೆಗೆ ಅವನು ಅದರ ಮೇಲೆ ತಲೆತಲಾಂತರ ಇರಬಹುದು, ಮಾರುವಂತಿಲ್ಲ. ಇಂಥ ನೆಲಕ್ಕೆ ಹಳ್ಳಿಯ ಹೆಸರಿನಲ್ಲಿಯೇ ಹಕ್ಕುಪತ್ರ ಪಡೆಯಲು 2017ರಲ್ಲಿ ಸರ್ಕಾರ ಅವಕಾಶ ಮಾಡಿಕೊಟ್ಟಿತು.

ಈ ವ್ಯವಸ್ಥೆಯಲ್ಲಿ ಹೆಣ್ಣುಮಕ್ಕಳ ಸ್ಥಾನವನ್ನೂ ಹೇಳಬೇಕು. ಆಸ್ತಿಯ ಜೊತೆಗೆ ಸೇವೆಯ ಹೊಣೆಯೂ ಬರುವುದರಿಂದ, ಅದನ್ನು ಹೊರುವ ಗಂಡುಮಕ್ಕಳಿಗೇ ಆಸ್ತಿ ಎಂಬುದು ಹಳೆಯ ರೂಢಿ. ಗಂಡುಸಂತಾನವಿಲ್ಲದ ಮನೆಗೆ ಅಳಿಯನನ್ನು ತಂದುಕೊಳ್ಳುವುದುಂಟು, ನಮ್ಮ ಮನೆಯಳಿಯತನದಂತೆಯೇ. 2010ರಲ್ಲಿ ಸಂಪ್ರದಾಯದ ಹಳ್ಳಿಗಳ ಮಹಾಮಂಡಲಿ ಒಂದು ನಿರ್ಣಯ ಮಾಡಿತು: ಮನೆತನದ ಸಾಮಾನ್ಯ ಪಾಲನ್ನು ತೆಗೆದಿಟ್ಟ ಮೇಲೆ ಉಳಿದುದರಲ್ಲಿ, ಗಂಡುಮಗನಿಗೆ ಸಲ್ಲುವುದರ ಅರ್ಧದಷ್ಟು ಪಾಲು ಹೆಣ್ಣುಮಗಳಿಗೂ ಸಲ್ಲಬೇಕು. ಇದು ಅರ್ಧ ದಾರಿಯೇ ಸರಿ. ಆದರೂ ನಿಂತಲ್ಲಿಯೇ ನಿಂತ ಸಂಪ್ರದಾಯವಲ್ಲ ಎಂಬುದಕ್ಕೆ ಸಾಕ್ಷಿ.

ನೀರಿನ ಸಂಘ

ಗದ್ದೆಯ ಮಾತಿಗೆ ಬರೋಣ. ಬಾಲಿಯ ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆಗಳ ಚಿತ್ರವನ್ನು ಓದುಗರು ಕಂಡಿರಬಹುದು. ಆ ಚಿತ್ರದಲ್ಲಿ ಕಾಣದಿರುವುದು ‘ಸುಬಾಕ್’ ಎಂಬ ನೀರಿನ ಸಂಘ. ಒಂದೇ ಕಾಲುವೆಯಿಂದ ನೀರುಣ್ಣುವ ಗದ್ದೆಗಳ ರೈತರೆಲ್ಲ ಒಂದು ಸುಬಾಕ್. ಅವರು ಬೇರೆ ಬೇರೆ ಹಳ್ಳಿಯವರಾಗಿರಬಹುದು. ನೀರು ಅವರನ್ನು ಒಂದುಗೂಡಿಸಿದೆ. ಹನ್ನೊಂದನೆಯ ಶತಮಾನದ ಶಾಸನಗಳಷ್ಟು ಹಿಂದೆಯೇ ಇದರ ಉಲ್ಲೇಖವಿದೆ.

ಸುಬಾಕ್‌ನ ಮುಖಂಡನಿಗೆ ‘ಪೆಕಾಸೆಃ’ ಎಂದು ಹೆಸರು. ನಮ್ಮ ಹಳೆಯ ಮೈಸೂರು ಸೀಮೆಯ ಕೆರೆಗಳ ಕೆಳಗೆ ನೀರನ್ನು ಪಾಲು ಮಾಡಿ ಬಿಡುತ್ತಿದ್ದ ನೀರಗಂಟಿಯನ್ನು ಬಲ್ಲವರಿಗೆ ಈತನ ಕೆಲಸ ಬೇಗ ಅರ್ಥವಾಗುತ್ತದೆ. ಕಾಲುವೆಗೆ ಅಡ್ಡಲಾಗಿ ಒಂದು ಮರದ ದಿಮ್ಮಿ. ಅದರಲ್ಲಿ ಅಳತೆಗೆ ತಕ್ಕ ಕಚ್ಚುಗಳು. ಯಾರ ಪಾಲಿನ ಕಚ್ಚು ಎಷ್ಟು ಅಗಲವೋ ಅವನಿಗೆ ಅಷ್ಟು ನೀರು. ಹೊಳೆಯಲ್ಲಿ ನೀರು ಹೆಚ್ಚಿದರೆ ಎಲ್ಲರ ಪಾಲೂ ಹೆಚ್ಚುತ್ತದೆ, ಕಡಮೆಯಾದರೆ ಎಲ್ಲರ ಪಾಲೂ ಕಡಮೆಯಾಗುತ್ತದೆ.

ಇದರೊಳಗೊಂದು ಸೂಕ್ಷ್ಮವಿದೆ. ಎಲ್ಲರೂ ಒಮ್ಮೆಗೇ ನಾಟಿ ಮಾಡಿದರೆ ನೀರು ಸಾಲದು. ಒಬ್ಬೊಬ್ಬರು ಒಂದೊಂದು ಕಾಲಕ್ಕೆ ನಾಟಿ ಮಾಡಿದರೆ ಹುಳುಗಳಿಗೆ ವರ್ಷವಿಡೀ ಆಹಾರ ಸಿಕ್ಕಿ ಬೆಳೆ ನಾಶವಾಗುತ್ತದೆ. ಆದ್ದರಿಂದ ಒಂದು ಗುಂಪಿನ ಗದ್ದೆಗಳು ಒಟ್ಟಿಗೆ ನಾಟಿಯಾಗಿ, ಒಟ್ಟಿಗೆ ಕೊಯ್ಲಾಗಿ, ಒಟ್ಟಿಗೆ ಬೀಡು ಬೀಳಬೇಕು. ಪಕ್ಕದ ಗುಂಪಿನ ಸರದಿ ಬೇರೆಯಾಗಿರಬೇಕು. ಈ ಸರದಿಯನ್ನು ನೀರಿನ ಗುಡಿಗಳಲ್ಲಿ ಕೂಡಿ ನಿಶ್ಚಯಿಸುತ್ತಾರೆ. ಬಾತುರ್ ಪರ್ವತದ ಸರೋವರದ ದೇವಿಯ ಗುಡಿಗೆ ನೂರಾರು ಸುಬಾಕ್‌ಗಳು ನಡೆದುಕೊಳ್ಳುತ್ತವೆ.

1970ರ ದಶಕದಲ್ಲಿ ಹಸಿರು ಕ್ರಾಂತಿ ಅಲ್ಲಿಗೂ ಬಂದಿತು. ಬೇಗ ಬೆಳೆಯುವ ತಳಿಯನ್ನು ತಂದು, ಸರದಿಯನ್ನು ಬದಿಗಿಟ್ಟು ಬೆಳೆಯ ಮೇಲೆ ಬೆಳೆ ತೆಗೆಯಿರೆಂದು ರೈತರನ್ನು ಹುರಿದುಂಬಿಸಿದರು. ಕೆಲವೇ ವರ್ಷಗಳಲ್ಲಿ ಜಿಗಿಹುಳುವೂ ರೋಗಗಳೂ ಗದ್ದೆಗಳನ್ನು ಮುತ್ತಿದವು. ನೀರಿನ ಹಂಚಿಕೆ ಕೆಟ್ಟಿತು. ಸ್ಟೀಫನ್ ಲ್ಯಾನ್ಸಿಂಗ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ಜೇಮ್ಸ್ ಕ್ರೆಮರ್ ಎಂಬ ವಿಜ್ಞಾನಿಯೊಡಗೂಡಿ ಗಣಕಯಂತ್ರದಲ್ಲಿ ಲೆಕ್ಕ ಹಾಕಿ ನೋಡಿದಾಗ, ಗುಡಿಗಳ ಸರದಿಯೇ ನೀರಿಗೂ ಹುಳುವಿನ ಹತೋಟಿಗೂ ಒಳ್ಳೆಯ ಫಲ ಕೊಡುವ ಕ್ರಮಕ್ಕೆ ಸಮೀಪವಾಗಿತ್ತು. ರೈತರು ಹಳೆಯ ಸರದಿಗೆ ಮರಳಿದರು. 2012ರಲ್ಲಿ ಯುನೆಸ್ಕೋ ಸಂಸ್ಥೆ ಸುಬಾಕ್ ಭೂದೃಶ್ಯವನ್ನು, ಸುಮಾರು 19,500 ಹೆಕ್ಟೇರುಗಳ ವ್ಯಾಪ್ತಿಯೊಡನೆ, ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಷ್ಟನ್ನು ಏಕೆ ವಿವರಿಸಿದೆವೆಂದರೆ, ಇಂಥ ಕಡೆ ಒಬ್ಬನ ಗದ್ದೆ ಒಬ್ಬನದಲ್ಲ. ಮೇಲಿನ ಗದ್ದೆಯವನು ಕಾಂಕ್ರೀಟು ಹಾಕಿದರೆ ಕೆಳಗಿನವನ ಕಾಲುವೆ ಕಟ್ಟುತ್ತದೆ. ಅವನ ಸರದಿ ತಪ್ಪುತ್ತದೆ. ಹುಳು ಪಕ್ಕದವನ ಪೈರಿಗೆ ಹಾರುತ್ತದೆ. ಕೊಳ್ಳುವವನ ಕಾಗದದಲ್ಲಿ ಅಳತೆ ಇರುತ್ತದೆ, ಬೆಲೆ ಇರುತ್ತದೆ. ಈ ಸಂಬಂಧಗಳು ಮಾತ್ರ ಇರುವುದಿಲ್ಲ.

ಕೊಳ್ಳುವ ಮಾತು

ಅಲ್ಲಿ ಜಮೀನನ್ನು ‘ಆರ್’ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಆರ್ ಎಂದರೆ 100 ಚದರ ಮೀಟರು. ನಮ್ಮ ಒಂದು ಗುಂಟೆಗೆ ಹೆಚ್ಚುಕಡಮೆ ಸಮ. ಅಳತೆ ನಮಗೆ ಪರಿಚಿತವಾದರೂ ಕಾನೂನು ಪರಿಚಿತವಲ್ಲ.

ಇಂಡೋನೇಷ್ಯದ 1960ರ ಮೂಲ ಭೂಕಾನೂನಿನಂತೆ ‘ಹಕ್ ಮಿಲಿಕ್’, ಎಂದರೆ ಪೂರ್ಣ ಒಡೆತನ, ಆ ದೇಶದ ಪ್ರಜೆಗಳಿಗೆ ಮೀಸಲು. ಪರದೇಶದ ವ್ಯಕ್ತಿಗೆ ಆ ಹಕ್ಕು ಇಲ್ಲ. ಅಲ್ಲಿ ನೆಲೆಸಲು ಪರವಾನಿಗೆ ಪಡೆದವನಿಗೆ ‘ಹಕ್ ಪಕೈ’ ಎಂಬ ಬಳಕೆಯ ಹಕ್ಕು ಸಿಕ್ಕಬಹುದು. 2021ರ ನಿಯಮದಂತೆ ಅದು ಮೊದಲು 30 ವರ್ಷ, ವಿಸ್ತರಣೆಯಾಗಿ 20 ವರ್ಷ, ನವೀಕರಣವಾಗಿ ಮತ್ತೆ 30 ವರ್ಷ. ಇದಕ್ಕೆ ಮನೆಯ ಕನಿಷ್ಠ ಬೆಲೆಯ ನಿರ್ಬಂಧವೂ ಇದೆ. ಹೊರಗಿನವರು ಸಾಮಾನ್ಯವಾಗಿ ಮಾಡಿಕೊಳ್ಳುವುದು ಗುತ್ತಿಗೆಯನ್ನು. ಇಪ್ಪತ್ತೈದು ಮೂವತ್ತು ವರ್ಷಗಳ ಗೇಣಿಯನ್ನು ಒಟ್ಟಿಗೆ ಮುಂಗಡವಾಗಿ ತೆರುವುದು ಅಲ್ಲಿಯ ರೂಢಿ. ಅವಧಿ ಮುಗಿದ ಮೇಲೆ ನೆಲ ಒಡೆಯನಿಗೆ. ವಿಸ್ತರಣೆಯ ದರವನ್ನು ಮೊದಲೇ ಬರೆದುಕೊಳ್ಳದಿದ್ದರೆ ಆಗ ಕೇಳಿದಷ್ಟು ಕೊಡಬೇಕಾಗುತ್ತದೆ. ಗುತ್ತಿಗೆದಾರನು ನಡುವೆ ತೀರಿಕೊಂಡರೆ ಹಕ್ಕು ವಾರಸುದಾರರಿಗೆ ಬರುವುದೇ ಎಂಬುದೂ ಪತ್ರದಲ್ಲಿ ಸ್ಪಷ್ಟವಾಗಿರಬೇಕು.

ಇದಕ್ಕಿಂತ ಅಪಾಯದ ದಾರಿ ಇನ್ನೊಂದಿದೆ. ಅಲ್ಲಿಯ ಪ್ರಜೆಯೊಬ್ಬನ ಹೆಸರಿನಲ್ಲಿ ಜಮೀನು ಕೊಂಡು, ಹಿಂದಿನಿಂದ ಬೇರೊಂದು ಒಪ್ಪಂದ ಬರೆಸಿಕೊಳ್ಳುವುದು. ದಲ್ಲಾಳಿಗಳು ‘ಎಲ್ಲರೂ ಹೀಗೆಯೇ ಮಾಡುತ್ತಾರೆ’ ಎಂದು ಧೈರ್ಯ ಹೇಳುತ್ತಾರೆ. ಆದರೆ ಅದೇ 1960ರ ಕಾನೂನಿನ 26ನೆಯ ವಿಧಿಯಂತೆ, ಪರದೇಶಿಗೆ ನೇರವಾಗಿಯೋ ಪರೋಕ್ಷವಾಗಿಯೋ ಒಡೆತನವನ್ನು ವರ್ಗಾಯಿಸುವ ವ್ಯವಹಾರ ಅಸಿಂಧು. ನೆಲ ಸರ್ಕಾರಕ್ಕೆ ಸೇರುತ್ತದೆ. ಕೊಟ್ಟ ಹಣವನ್ನು ಮರಳಿ ಕೇಳುವಂತಿಲ್ಲ. ಬೇನಾಮಿ ಎಂಬ ಶಬ್ದ ನಮಗೆ ಗೊತ್ತಿರುವುದರಿಂದ ಹೆಚ್ಚು ಹೇಳಬೇಕಾಗಿಲ್ಲ. ಹೆಸರು ಕೊಟ್ಟವನು ತೀರಿಕೊಂಡು ಅವನ ಮಕ್ಕಳು ‘ಇದು ನಮ್ಮಪ್ಪನ ಜಮೀನು’ ಎಂದರೆ ಯಾವ ನ್ಯಾಯಾಲಯಕ್ಕೆ ಹೋಗುವುದು?

ಹಸಿರು ವಲಯವೆಂದು ಗುರುತಿಸಿದ ಗದ್ದೆಯಲ್ಲಿ ಮನೆ ಕಟ್ಟಲು ಅನುಮತಿಯೇ ಇಲ್ಲ. ಪ್ರವಾಸದ ವೀಸಾದ ಮೇಲೆ ಹೋದವನು ಅಲ್ಲಿ ದುಡಿಮೆಯನ್ನಾಗಲಿ ವ್ಯಾಪಾರವನ್ನಾಗಲಿ ನಡೆಸುವಂತಿಲ್ಲ. ಇತ್ತ ನಮ್ಮ ದೇಶದಿಂದ ಒಬ್ಬ ವ್ಯಕ್ತಿ ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರಿನವರೆಗೆ ಮಾತ್ರ ಹೊರಗೆ ಕಳುಹಿಸಬಹುದು. ಹೊರದೇಶದ ಆಸ್ತಿಯನ್ನು ಆದಾಯ ತೆರಿಗೆಯ ವಿವರಪತ್ರದಲ್ಲಿ ತೋರಿಸಲೇಬೇಕು. ಇವನ್ನೆಲ್ಲ ತೂಗಿ ನೋಡಿದರೆ, ಗದ್ದೆಯ ನಡುವಿನ ಮನೆಯಿಂದ ಬರುವ ಬಾಡಿಗೆಯ ಲೆಕ್ಕ ಅಷ್ಟು ಸರಳವಲ್ಲವೆಂದು ತಿಳಿಯುತ್ತದೆ.

ಹಳ್ಳಿಗನ ಇಕ್ಕಟ್ಟು

ಇಷ್ಟರಿಂದ ಹೊರಗಿನವನೇ ಕೆಟ್ಟವನು, ಹಳ್ಳಿಗನು ಹಸಿರನ್ನು ಪೂಜಿಸುತ್ತ ಸುಖವಾಗಿದ್ದಾನೆ ಎಂದು ಬರೆದು ಮುಗಿಸಬಹುದಿತ್ತು. ಆದರೆ ಅದು ಅರ್ಧ ಸತ್ಯ.

2019ರಲ್ಲಿ ಬಾಲಿಗೆ ಬಂದ ಪರದೇಶದ ಪ್ರವಾಸಿಗಳು ಸುಮಾರು 62 ಲಕ್ಷ. ಕೊರೋನಾ ಕಾಲದ 2021ರಲ್ಲಿ ನೇರವಾಗಿ ಬಂದವರು ಇಡೀ ವರ್ಷಕ್ಕೆ ಕೆಲವೇ ಹತ್ತು ಮಂದಿ. ಹೋಟೆಲುಗಳ ಕೆಲಸ ಕಳೆದುಕೊಂಡ ಮಕ್ಕಳು ಹಳ್ಳಿಗೆ ಮರಳಿ ಗದ್ದೆಗೆ ಇಳಿದರು. ತಂದೆ ಮಾರದೆ ಉಳಿಸಿದ್ದ ಗದ್ದೆ ಆಗ ಅನ್ನ ಕೊಟ್ಟಿತು. ಮಾರಿದ್ದವರ ಮನೆಯಲ್ಲಿ ಆ ಆಸರೆ ಇರಲಿಲ್ಲ. 2024ರ ಹೊತ್ತಿಗೆ ಪ್ರವಾಸಿಗಳು ಮತ್ತೆ 63 ಲಕ್ಷವನ್ನು ಮುಟ್ಟಿದರು. ಆ ವರ್ಷ ಆಸ್ಟ್ರೇಲಿಯದವರ ಅನಂತರ ಹೆಚ್ಚು ಸಂಖ್ಯೆಯಲ್ಲಿ ಹೋದವರು ನಮ್ಮ ಭಾರತೀಯರೇ. ಮಕ್ಕಳು ಮತ್ತೆ ಹೋಟೆಲುಗಳಿಗೆ ಹೋದರು. ಗದ್ದೆಯಲ್ಲಿ ಉಳಿದವರು ವಯಸ್ಸಾದವರು.

ತಬಾನನ್ ಜಿಲ್ಲೆಯ ಜತಿಲುವಿಃ ಹಳ್ಳಿಯನ್ನು ನೋಡಿ. ಬಾತುಕಾರು ಪರ್ವತದ ಮಡಿಲಲ್ಲಿ, ಸಮುದ್ರಮಟ್ಟದಿಂದ ಸುಮಾರು 700 ಮೀಟರು ಎತ್ತರದಲ್ಲಿ ಅದರ ಗದ್ದೆಗಳಿವೆ. ಅಲ್ಲಿಯ ಕೆಂಪಕ್ಕಿ ಹೆಸರಾದುದು. ಹಳೆಯ ತಳಿ, ಬೆಳೆಯಲು ಐದಾರು ತಿಂಗಳು ಬೇಕು. ಯುನೆಸ್ಕೋ ಪಟ್ಟಿಗೆ ಸೇರಿದ ಗದ್ದೆಗಳಲ್ಲಿ ಇವು ಮುಖ್ಯವಾದವು. 2024ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಅಂಗ ಜಗತ್ತಿನ ಉತ್ತಮ ಪ್ರವಾಸಿ ಹಳ್ಳಿಗಳ ಸಾಲಿಗೆ ಇದನ್ನು ಸೇರಿಸಿತು. 2025ರ ಡಿಸೆಂಬರಿನಲ್ಲಿ ಆ ಸಂರಕ್ಷಿತ ಗದ್ದೆಗಳ ನಡುವೆ ನಿಯಮ ಮೀರಿ ಎದ್ದಿದ್ದ ಊಟದ ಮನೆಗಳು ಮೊದಲಾದ ಕಟ್ಟಡಗಳಿಗೆ ಅಧಿಕಾರಿಗಳು ಮುದ್ರೆ ಹಾಕಿದರು. ಆಗ ಪ್ರತಿಭಟನೆಗೆ ನಿಂತವರು ಯಾರು? ಆ ಊರಿನ ರೈತರೇ. ಪ್ರವಾಸಿಗಳು ನೋಡಲು ಬರುವ ಗದ್ದೆಗಳಲ್ಲಿ ತಗಡಿನ ಹಾಳೆಗಳನ್ನು ನೆಟ್ಟು ನೋಟವನ್ನೇ ಕೆಡಿಸಿದರು.

ಇದನ್ನು ಓದಿ ನಗಬಾರದು. ಆ ರೈತನ ಮಾತನ್ನು ಕೇಳಿಸಿಕೊಳ್ಳಬೇಕು. ಗದ್ದೆಯನ್ನು ಗದ್ದೆಯಾಗಿ ಉಳಿಸಿದವನು ಅವನು. ನೋಡುವವನು ಸೊಬಗನ್ನು ನೋಡಿ ಹೋಗುತ್ತಾನೆ. ದುಡ್ಡು ಹೋಟೆಲಿನವನಿಗೂ ವಾಹನದವನಿಗೂ ಸೇರುತ್ತದೆ. ಕೆಸರು ತುಳಿದವನಿಗೆ ಭತ್ತದ ಬೆಲೆ ಮಾತ್ರ. ಸುತ್ತಲೂ ವಿಲ್ಲಾಗಳೆದ್ದಂತೆ ನೆಲದ ಬೆಲೆ ಏರಿ, ಅದರೊಡನೆ ಕಂದಾಯವೂ ಏರುತ್ತದೆ. ತನ್ನ ನೆಲದಲ್ಲೇ ಒಂದು ಸಣ್ಣ ಅಂಗಡಿ ಇಟ್ಟುಕೊಂಡರೆ ಕಾನೂನು ಅಡ್ಡ ಬರುತ್ತದೆ. ‘ಪರಂಪರೆಯನ್ನು ಉಳಿಸು’ ಎಂದು ಜಗತ್ತು ಅವನಿಗೆ ಹೇಳುತ್ತದೆ. ಉಳಿಸುವ ವೆಚ್ಚವನ್ನು ಹಂಚಿಕೊಳ್ಳುವುದನ್ನು ಮಾತ್ರ ಮರೆಯುತ್ತದೆ.

ಹಾಗೆಂದು ಎಲ್ಲರೂ ಕಟ್ಟತೊಡಗಿದರೆ? ಅದಕ್ಕೂ ಉತ್ತರ ದೊರೆತಿದೆ. 2025ರ ಸೆಪ್ಟೆಂಬರಿನಲ್ಲಿ ಸುರಿದ ಭಾರಿ ಮಳೆಗೆ ಡೆನ್‌ಪಸಾರ್ ಮೊದಲಾದ ಕಡೆ ಪ್ರವಾಹವೆದ್ದು ಹದಿನೈದಕ್ಕೂ ಹೆಚ್ಚು ಜೀವಗಳು ಹೋದವು. ನೀರು ಇಂಗುವ ಗದ್ದೆಗಳನ್ನು ಕಟ್ಟಡಗಳಿಗೆ ಬಿಟ್ಟುಕೊಟ್ಟದ್ದೂ ಒಂದು ಕಾರಣವೆಂಬ ಚರ್ಚೆ ಆಗ ಬಲವಾಗಿ ಎದ್ದಿತು. ಕಟ್ಟದಿದ್ದರೆ ಒಬ್ಬನ ಹೊಟ್ಟೆಗೆ ಕಷ್ಟ. ಎಲ್ಲರೂ ಕಟ್ಟಿದರೆ ಎಲ್ಲರ ಬದುಕಿಗೆ ಕಷ್ಟ. ನೀರಿನ ಪಾಲನ್ನು ಸಮನಾಗಿ ಹಂಚಿಕೊಳ್ಳಲು ಶತಮಾನಗಳ ಹಿಂದೆಯೇ ಕಲಿತ ಜನ, ಪ್ರವಾಸದ ದುಡ್ಡಿನ ಪಾಲನ್ನು ಹಂಚಿಕೊಳ್ಳಲು ಇನ್ನೂ ಆ ಮರದ ದಿಮ್ಮಿಯಂಥ ಅಳತೆಗೋಲನ್ನು ಕಂಡುಕೊಳ್ಳಬೇಕಾಗಿದೆ. ಆ ಹಳ್ಳಿಗಳ ಭವಿಷ್ಯ ನಿಂತಿರುವುದು ಇದರ ಮೇಲೆ.

ಹೋಗಿ ಬರುವವರಿಗೆ

ಕೊಳ್ಳುವುದು ಬೇಡವೆಂದರೆ ನೋಡುವುದೂ ಬೇಡವೆಂದಲ್ಲ. 2024ರ ಮಾರ್ಚಿನಲ್ಲಿ ಬೆಂಗಳೂರಿನಿಂದ ಡೆನ್‌ಪಸಾರ್‌ಗೆ ನೇರ ವಿಮಾನ ಆರಂಭವಾಯಿತು. ಭಾರತೀಯರಿಗೆ ಅಲ್ಲಿ ಇಳಿದ ಮೇಲೆ ವೀಸಾ ದೊರೆಯುತ್ತದೆ. ಶುಲ್ಕ 5 ಲಕ್ಷ ರುಪಿಯ, ಅವಧಿ 30 ದಿನ, ಒಮ್ಮೆ ಮತ್ತೆ 30 ದಿನ ವಿಸ್ತರಿಸಬಹುದು. ಲಕ್ಷದ ಲೆಕ್ಕ ಕೇಳಿ ಗಾಬರಿಯಾಗಬೇಕಾಗಿಲ್ಲ. ಅವರ ನೂರಾರು ರುಪಿಯ ಸೇರಿದರೆ ನಮ್ಮ ಕೆಲವೇ ರೂಪಾಯಿ. 2024ರ ಫೆಬ್ರವರಿ 14ರಿಂದ ಪರದೇಶದ ಪ್ರತಿಯೊಬ್ಬ ಪ್ರವಾಸಿಯೂ 1,50,000 ರುಪಿಯದ ಸುಂಕವನ್ನು ಬಾಲಿ ಪ್ರಾಂತಕ್ಕೆ ಸಲ್ಲಿಸಬೇಕು. ಏಪ್ರಿಲಿನಿಂದ ಅಕ್ಟೋಬರಿನವರೆಗೆ ಒಣಹವೆ. ಉಳಿದ ತಿಂಗಳುಗಳಲ್ಲಿ ಮಳೆ.

ನಮ್ಮ ಯುಗಾದಿಯ ಆಸುಪಾಸಿನಲ್ಲಿ ಹೋಗುವವರು ಒಂದನ್ನು ನೆನಪಿಡಬೇಕು. ಬಾಲಿಯವರೂ ಶಕವರ್ಷವನ್ನು ಎಣಿಸುತ್ತಾರೆ. ಅವರ ಹೊಸ ವರ್ಷದ ದಿನ ‘ಞೆಪಿ’, ಮೌನದ ದಿನ. ಅಂದು ಬೆಂಕಿ ಹೊತ್ತಿಸುವುದಿಲ್ಲ, ದೀಪ ಬೆಳಗಿಸುವುದಿಲ್ಲ, ಕೆಲಸವಿಲ್ಲ, ಪ್ರಯಾಣವಿಲ್ಲ. ವಿಮಾನ ನಿಲ್ದಾಣವೂ ಇಪ್ಪತ್ತನಾಲ್ಕು ಗಂಟೆ ಮುಚ್ಚಿರುತ್ತದೆ. ಪ್ರವಾಸಿಯೂ ತಂಗಿದ ಮನೆಯಿಂದ ಹೊರಗೆ ಕಾಲಿಡುವಂತಿಲ್ಲ.

ಸಸ್ಯಾಹಾರಿಗಳಾದ ನಮ್ಮ ಕುಟುಂಬಗಳಿಗೆ ಊಟದ ಎಚ್ಚರಿಕೆ ಬೇಕು. ಬಾಲಿಯ ಹಿಂದೂಗಳು ಮಾಂಸಾಹಾರಿಗಳು; ಹಬ್ಬದ ಅಡುಗೆಯಲ್ಲೂ ಮಾಂಸವಿರುತ್ತದೆ. ಸೋಯಾ ಅವರೆಯಿಂದ ಮಾಡಿದ ‘ಟೆಂಪೆ’, ‘ತಾಹು’ ಎಲ್ಲೆಡೆ ದೊರೆಯುತ್ತವೆ. ಆದರೆ ನೋಡಲು ಬರಿಯ ಮೆಣಸಿನ ಚಟ್ನಿಯಂತಿರುವ ‘ಸಂಬಲ್’ನಲ್ಲಿ ‘ತೆರಾಸಿ’ ಎಂಬ ಒಣಸೀಗಡಿಯ ಹುದುಗು ಸೇರಿರುವುದುಂಟು. ‘ತನ್‌ಪ ದಾಗಿಂಗ್, ತನ್‌ಪ ಇಕಾನ್, ತನ್‌ಪ ತೆರಾಸಿ’ ಎಂದರೆ ಮಾಂಸ, ಮೀನು, ತೆರಾಸಿ ಬೇಡವೆಂದು ಅರ್ಥ. ಈ ಮೂರು ಮಾತುಗಳನ್ನು ಹೆಣ್ಣುಮಕ್ಕಳು ಬರೆದಿಟ್ಟುಕೊಂಡು ಹೋಗುವುದು ಒಳಿತು.

ಜತಿಲುವಿಃ ವಿಮಾನ ನಿಲ್ದಾಣದಿಂದ ವಾಹನದಲ್ಲಿ ಸುಮಾರು ಎರಡು ಗಂಟೆಯ ದಾರಿ. ಬಂಗ್ಲಿ ಜಿಲ್ಲೆಯ ಪೆಂಗ್ಲಿಪುರಾನ್ ಕೂಡ ನೋಡತಕ್ಕ ಹಳ್ಳಿ. ಅದರ ಬೀದಿಯಲ್ಲಿ ವಾಹನಗಳಿಗೆ ಪ್ರವೇಶವಿಲ್ಲ. ಬಿದಿರಿನ ತೋಪನ್ನು ಊರೇ ಕಾಯುತ್ತದೆ. ಅಲ್ಲಿ ಎರಡನೆಯ ಹೆಂಡತಿಯನ್ನು ಮಾಡಿಕೊಂಡವನಿಗೆ ಊರೊಳಗೆ ಜಾಗವಿಲ್ಲ. ಅಂಥವನಿಗೆಂದೇ ಪ್ರತ್ಯೇಕ ನಿವೇಶನವೊಂದನ್ನು ತೆಗೆದಿಟ್ಟಿದ್ದಾರೆ. ಗುಡಿಯೊಳಗೆ ಹೋಗುವಾಗ ಸೊಂಟಕ್ಕೆ ವಸ್ತ್ರವನ್ನೂ ನಡುಪಟ್ಟಿಯನ್ನೂ ಕಟ್ಟಿಕೊಳ್ಳಬೇಕು. ಹೊಸ್ತಿಲ ಮುಂದೆ, ದಾರಿಯಲ್ಲಿ ತೆಂಗಿನ ಗರಿಯ ಚಿಕ್ಕ ತಟ್ಟೆಗಳಲ್ಲಿ ಹೂವಿಟ್ಟಿರುತ್ತಾರೆ. ಅವು ಆ ಮನೆಯ ಹೆಣ್ಣುಮಕ್ಕಳ ದಿನದಿನದ ಪೂಜೆ. ತುಳಿಯದೆ ನಡೆಯಬೇಕು. ಗದ್ದೆಯ ಬದುವಿನ ಮೇಲೆ ಚಿತ್ರ ತೆಗೆಸಿಕೊಳ್ಳುವ ಆತುರದಲ್ಲಿ ಬದುವನ್ನು ಕುಸಿಯಿಸಬಾರದು. ಒಂದು ಬದು ಒಡೆದರೆ ಕೆಳಗಿನ ಹತ್ತು ಗದ್ದೆಗಳಿಗೆ ತೊಂದರೆ. ಸಾಧ್ಯವಾದರೆ ಹಳ್ಳಿಯವರೇ ನಡೆಸುವ ಮನೆಯಲ್ಲಿ ತಂಗಿ, ಅವರ ಅಕ್ಕಿಯನ್ನೇ ಕೊಂಡು ತರಬೇಕು. ಆ ದುಡ್ಡು ನೇರವಾಗಿ ಗದ್ದೆಗೆ ಸೇರುತ್ತದೆ.

ಮೊದಲು ಕೇಳಿದ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು. ಆ ಊರಿನಲ್ಲಿ ನೆಲವುಳ್ಳವನು ಕುಲ್ಕುಲ್ ಸದ್ದಿಗೆ ಓಡಿ ಬರಬೇಕು, ಕಾಲುವೆಯ ಹೂಳೆತ್ತಬೇಕು, ನೆರೆಯವನ ಸಾವಿಗೆ ಹೆಗಲು ಕೊಡಬೇಕು. ಇವನ್ನು ಹೊರಲಾರದವನು ಅಲ್ಲಿ ನೆಲವನ್ನು ಬಯಸಬಾರದು, ಕಳ್ಳದಾರಿಯಿಂದಂತೂ ಬಯಸಲೇಬಾರದು. ಅತಿಥಿಯಾಗಿ ಹೋಗಲಿ, ಉಂಡ ಅನ್ನದ ಬೆಲೆಯನ್ನು ಬೆಳೆದವನ ಕೈಗೆ ಕೊಟ್ಟು ಬರಲಿ. ಕೂಡಿಟ್ಟ ಹಣವನ್ನು ನೆಲಕ್ಕೇ ಹಾಕಬೇಕೆಂದಿದ್ದರೆ, ನಮ್ಮ ಊರುಗಳಲ್ಲಿ ಹೂಳು ತುಂಬಿದ ಕೆರೆಗಳೂ ಬೀಡು ಬಿದ್ದ ಹೊಲಗಳೂ ಕಡಮೆಯಿಲ್ಲ. ಅಲ್ಲಿ ಕರೆದರೆ ಓಡಿ ಬರಲು ನಮಗೆ ದಾರಿಯೂ ಹತ್ತಿರ.